ಶಂಕ್ರವ್ವನ ರಜೆ

ಶಂಕ್ರವ್ವ ರಜೆ ಹಾಕಿ ಐದು ದಿನವಾಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಆ ಐದು ದಿನವೂ ಅವಳ ಕೈಯದೇ ಎಂದುಕೊಂಡು ರೊಟ್ಟಿ ತಿಂದಿದ್ದೆ. ಶುಕ್ರವಾರ ಸಂಜೆ ತಲೆಗೆ ಎಣ್ಣೆ ಹಚ್ಚಿಸಿಕೊಂಡಿದ್ದೆ. ಕಣ್ಣು ಮುಚ್ಚಿ ಕೂತು, ಆಫೀಸಿನಲ್ಲಿ ನಡೆದ ಜಗಳವೊಂದನ್ನು ಆ ಕೈಗಳಿಗೆ ಹೇಳಿಕೊಂಡೂ ಆಗಿತ್ತು. ಆ ಕೈಗಳಿಗೆ ಕಿವಿಯಿಲ್ಲ ಎಂಬುದು ನನಗೆ ತಿಳಿಯದ ವಿಷಯವಲ್ಲ, ಅವನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು. ಆದರೂ ಹೇಳಿಕೊಳ್ಳುತ್ತೇನೆ. ಒಂಟಿ ಹೆಂಗಸಿಗೆ ಅಷ್ಟು ಸಲಿಗೆಯಾದರೂ ಬೇಡವೇ?

ಅವಳ ಹೆಸರು ಶಂಕ್ರವ್ವ ಎಂಬುದೂ ಆಗ ನನಗೆ ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಅವಳು ಗದಗಿನ ಕೈಮನೆಯ ಇನ್ನೂರ ಹದಿನಾಲ್ಕನೆಯ ಆಸನ. ಅವಳ ಮಟ್ಟಿಗೆ ನಾನು ಮೈಸೂರಿನ ಅರವತ್ತೊಂದನೆಯ ಮನೆ. ಮೂರು ವರ್ಷ ನಮ್ಮಿಬ್ಬರ ಒಡನಾಟ ನಡೆದದ್ದು ಹೀಗೆ ಎರಡು ಸಂಖ್ಯೆಗಳ ನಡುವೆ.

ಈಗ ಮನೆಗೆಲಸದವರು ಮನೆಗೆ ಬರುವುದಿಲ್ಲ, ಅವರ ಕೈ ಮಾತ್ರ ಬರುತ್ತದೆ. ಅಡುಗೆಮನೆಯಿಂದ ನಡುಮನೆಯವರೆಗೆ ಸೂರಿಗೆ ಒಂದು ಹಳಿ, ಹಳಿಯಿಂದ ಇಳಿಬಿದ್ದ ಎರಡು ಕೈ. ಮೊಣಕೈಯವರೆಗೆ ಲೋಹ, ಅಲ್ಲಿಂದ ಮುಂದೆ ಬೆಚ್ಚಗಿನ, ಮೆತ್ತನೆಯ ಚರ್ಮದಂಥ ಹೊದಿಕೆ. ಗದಗಿನಲ್ಲಿ ಮುನ್ನೂರು ಕುರ್ಚಿಗಳ ಒಂದು ದೊಡ್ಡ ಹಾಲ್ ಇದೆ, ಅದೇ ಕೈಮನೆ. ಅಲ್ಲಿ ಹೆಂಗಸರು ಮೊಣಕೈವರೆಗೆ ತೋಳುಚೀಲ ತೊಟ್ಟು ಕೂತು ಗಾಳಿಯಲ್ಲಿ ರೊಟ್ಟಿ ಬಡಿದರೆ, ಇಲ್ಲಿ ನನ್ನ ಅಡುಗೆಕಟ್ಟೆಯ ಮೇಲೆ ನಿಜವಾದ ರೊಟ್ಟಿ ಅಗಲವಾಗುತ್ತದೆ. ಇಲ್ಲಿನ ಬೆರಳು ಮುಟ್ಟಿದ್ದೆಲ್ಲ ಅಲ್ಲಿ ಅವರ ಬೆರಳಿಗೂ ತಿಳಿಯುತ್ತದೆ. ಹಿಟ್ಟಿನ ಹದ, ಪಾತ್ರೆಯ ಬಿಸಿ, ಬಟ್ಟೆಯ ಒದ್ದೆ, ಎಲ್ಲ. ಅದಿಲ್ಲದೆ ಜೋಳದ ಹಿಟ್ಟನ್ನು ಯಾರೂ ರೊಟ್ಟಿ ಮಾಡಲಾರರು. ಆದರೆ ದನಿ ಆಚೀಚೆ ಹೋಗುವುದಿಲ್ಲ. ಮನೆಯವರ ಮರ್ಯಾದೆ ಕಾಯಬೇಕೆಂದು ಕಾನೂನು ಮನುಷ್ಯರ ಆಕಾರವನ್ನೂ ಮರೆಮಾಡಿದೆ. ಅವಳ ಪರದೆಯಲ್ಲಿ ನನ್ನ ಪಾತ್ರೆ ಪಗಡ ಸ್ಪಷ್ಟ, ನಾನು ಮಾತ್ರ ಒಂದು ಬೂದು ಮಬ್ಬು.

ತಲೆಗೆ ಎಣ್ಣೆ ಹಚ್ಚುವುದು ಕೆಲಸದ ಪಟ್ಟಿಯಲ್ಲಿ ಇರಲೇ ಇಲ್ಲ. ಮೊದಲ ವರ್ಷ ಒಂದು ಸಂಜೆ ತಲೆನೋವೆಂದು ಊಟದ ಮೇಜಿಗೆ ಹಣೆಯಿಟ್ಟು ಕೂತಿದ್ದೆ. ಮೇಜು ಒರೆಸುತ್ತ ಬಂದ ಕೈ ನನ್ನ ತಲೆಗೆ ತಾಗಿ ನಿಂತಿತು. ಸ್ವಲ್ಪ ಹೊತ್ತು ಯೋಚಿಸಿತು ಎನ್ನಬೇಕು. ಆಮೇಲೆ ಬಟ್ಟೆ ಪಕ್ಕಕ್ಕಿಟ್ಟು ನೆತ್ತಿಯನ್ನು ಒತ್ತತೊಡಗಿತು. ಮುಂದಿನ ಶುಕ್ರವಾರ ಬೆಚ್ಚಗೆ ಮಾಡಿದ ಎಣ್ಣೆಯ ಬಟ್ಟಲು ಹಿಡಿದು ನನ್ನ ಕುರ್ಚಿಯ ಹಿಂದೆ ಬಂದು ನಿಂತಿತು. ನನ್ನ ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಬಾಚುವವರಿಲ್ಲವೆಂದು ಅಪ್ಪ ನನ್ನನ್ನು ತಾವು ಹೋಗುವ ಕ್ಷೌರದಂಗಡಿಗೇ ಕರೆದುಕೊಂಡು ಹೋಗಿ ಕೂದಲು ಕತ್ತರಿಸಿ ಹಾಕಿಸಿದ್ದರು. ಅಂದಿನಿಂದ ನಲವತ್ತೈದರವರೆಗೆ ನನ್ನದು ಗಂಡುಮಕ್ಕಳ ಕ್ರಾಪೇ. ಆ ಬಟ್ಟಲು ಬಂದ ಮೇಲೆ ನಾನು ಕೂದಲು ಬಿಟ್ಟೆ. ಈ ಕೈಗಳನ್ನು ಕಟ್ಟುವ ನಮ್ಮ ಲ್ಯಾಬಿನವರು ಇಂಚರಾಗೆ ಈ ವಯಸ್ಸಿನಲ್ಲಿ ಶೋಕಿ ಬಂತು ಎಂದು ನಕ್ಕರು. ಅಂದುಕೊಳ್ಳಲಿ ಎಂದು ಸುಮ್ಮನಿದ್ದೆ.

ಇನ್ನು ರೂಢಿಯ ವಿಷಯ. ಕೈಮನೆಯ ಹೆಂಗಸರಿಗೂ ಜ್ವರ ಬರುತ್ತದೆ, ಅವರ ಮನೆಗಳಲ್ಲೂ ಮದುವೆ ಮುಂಜಿ ಸಾವು ನೋವು ಇರುತ್ತವೆ. ಅವರು ಹೇಳದೆ ಕೇಳದೆ ರಜೆ ಹಾಕಿದರೆ ಇಲ್ಲಿ ಮನೆ ನಿಂತುಹೋಗುತ್ತದೆ. ಅದಕ್ಕೆ ಪರಿಹಾರವಾಗಿ ನಾವು ಕಟ್ಟಿದ್ದು ರೂಢಿಗೈ. ಒಬ್ಬಳ ಕೈಯ ಮೂರು ವರ್ಷದ ಚಲನೆಯನ್ನೆಲ್ಲ ನೋಡಿ ಕಲಿತು, ಅವಳಿಲ್ಲದ ದಿನ ಅವಳ ಹಾಗೆಯೇ ತಾನಾಗಿ ಕೆಲಸ ಮಾಡುವ ವ್ಯವಸ್ಥೆ. ಎಷ್ಟು ಒತ್ತಬೇಕು, ಎಲ್ಲಿ ತಡೆಯಬೇಕು, ಉಪ್ಪು ಚಿಟಿಕೆಯಲ್ಲಿ ಎಷ್ಟು ಎಂಬುದೆಲ್ಲ ಅದಕ್ಕೆ ಬರುತ್ತದೆ. ಹನ್ನೊಂದು ವರ್ಷ ನಾನು ಮಾಡಿದ ಕೆಲಸ ಅದೊಂದೇ. ಅದರ ಮೇಲೆ ನನಗೆ ಜಂಬವಿತ್ತು, ಇಲ್ಲವೆನ್ನುವುದಿಲ್ಲ.

ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಹೋದರೆ ನಮ್ಮ ಮುಖ್ಯಸ್ಥ ಉತ್ತಯ್ಯನವರು ಚಿರೋಟಿಯ ಡಬ್ಬಿ ತೆರೆದಿಟ್ಟುಕೊಂಡು ಎಲ್ಲರಿಗೂ ಹಂಚುತ್ತಿದ್ದರು. ಕೊಡಗಿನವರು, ಎತ್ತರದ ಆಳು, ಸಂತೋಷವಾದರೆ ಮುಚ್ಚಿಡಲು ಬಾರದ ಮನುಷ್ಯ. ಹನ್ನೊಂದು ಮನೆಗಳಲ್ಲಿ ಮನೆಯವರಿಗೆ ಹೇಳದೆ ರೂಢಿ ಓಡಿಸಿದ್ದರಂತೆ. ಒಂದು ಮನೆಯವರಿಗೂ ಗೊತ್ತಾಗಿಲ್ಲವಂತೆ. ನಾನೂ ಖುಷಿಯಿಂದಲೇ ಒಂದು ಚಿರೋಟಿ ಮುರಿದು ಬಾಯಿಗೆ ಹಾಕಿಕೊಂಡೆ.

"ಹನ್ನೊಂದರಲ್ಲಿ ಒಂದು ನಿಮ್ಮನೆನೇ ಇಂಚರ," ಎಂದರು ಉತ್ತಯ್ಯ. "ಐದು ದಿನ ಆಯ್ತು. ಕಟ್ಟಿದವರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಇನ್ಯಾರಿಗೆ ಗೊತ್ತಾಗುತ್ತೆ ಹೇಳಿ?"

ಮುರಿದ ಚಿರೋಟಿಯ ಉಳಿದರ್ಧ ಕೈಯಲ್ಲೇ ಉಳಿಯಿತು. ಎಲ್ಲರೂ ನನ್ನ ಮುಖ ನೋಡಿ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ, ನಗದೆ ಏನು ಮಾಡಲಿ. ಆದರೆ ಶುಕ್ರವಾರದ ಎಣ್ಣೆ ನೆನಪಾಗಿ ಮೈಯೆಲ್ಲ ನಾಚಿಕೆಯಿಂದ ಕುಗ್ಗಿತು. ಆ ದಿನ ನಾನು ತಲೆಯನ್ನು ಒಪ್ಪಿಸಿ ಕೂತಿದ್ದೆ, ಆ ಕಡೆಯ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ನನ್ನ ನಾಚಿಕೆಗಿಂತ ದೊಡ್ಡದಾದ ಒಂದು ಸಂಗತಿ ಇತ್ತು. ನಿಯಮಪುಸ್ತಕದಲ್ಲಿ ನಾನೇ ಬರೆದ ಸಾಲು ಅದು. ಒಂದು ಮನೆಯಲ್ಲಿ ರೂಢಿಗೈ ಇಪ್ಪತ್ತೊಂದು ದಿನ ದೂರಿಲ್ಲದೆ ಓಡಿದರೆ ಆ ಮನೆಗೆ ಮನುಷ್ಯರು ಬೇಕಿಲ್ಲ, ಆಸನ ಮುಚ್ಚಬಹುದು. ನಡುವೆ ಮನೆಯವರು ದೂರು ಕೊಟ್ಟರೆ ಆಸನದವಳು ಮರುದಿನವೇ ಕೆಲಸಕ್ಕೆ ಬರಬೇಕು. ಬರೆಯುವಾಗ ಅದು ಬಹಳ ಅಚ್ಚುಕಟ್ಟಾಗಿ ಕಂಡಿತ್ತು. ರಜೆ ಹಾಕಿದವಳು ಯಾರು, ಯಾಕೆ ಹಾಕಿದಳು ಎಂದು ಕೇಳುವ ಅಂಕಣವೇ ಅದರಲ್ಲಿರಲಿಲ್ಲ. ಹದಿನಾರು ದಿನ ಉಳಿದಿತ್ತು.

ಅಂದು ಸಂಜೆ ಮನೆಗೆ ಬಂದು ತಪ್ಪು ಹುಡುಕಲು ಕೂತೆ. ದೂರು ಕೊಡಬೇಕಾದರೆ ತಪ್ಪು ಬೇಕು, ಅದೂ ಅಳತೆಗೆ ಸಿಗುವಂಥ ತಪ್ಪು. ರೊಟ್ಟಿಯ ದಪ್ಪ ಅಳೆದೆ. ಪಲ್ಯದ ಉಪ್ಪು ನೋಡಿದೆ. ಬೆಲ್ಲದ ಡಬ್ಬಿಯನ್ನು ಅಕ್ಕಿಯ ಹಿಂದೆ ಬಚ್ಚಿಟ್ಟು ಕಾದೆ. ಕೈ ಬಂತು, ಖಾಲಿ ಜಾಗವನ್ನು ತಡವಿತು, ಎರಡೇ ಗಳಿಗೆಯಲ್ಲಿ ಡಬ್ಬಿ ಪತ್ತೆ ಮಾಡಿ ಅದರ ಜಾಗಕ್ಕೆ ಇಟ್ಟಿತು. ಇಡುವಾಗ ಶಂಕ್ರವ್ವ ಇಡುವ ಹಾಗೆ ಮುಚ್ಚಳವನ್ನು ಒಮ್ಮೆ ತಟ್ಟಿಯೂ ತಟ್ಟಿತು. ಹನ್ನೊಂದು ವರ್ಷ ದುಡಿದು ನಾನು ಎಂಥ ಒಳ್ಳೆಯ ಕೆಲಸ ಮಾಡಿದ್ದೆನೆಂದರೆ, ಆ ಹೊತ್ತಿಗೆ ನನ್ನ ಮೇಲೇ ಕೋಪ ಬಂತು.

ಮುಂದಿನ ಶುಕ್ರವಾರ ಬಟ್ಟಲು ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದೆ. ಕೈ ಮರುಮಾತಿಲ್ಲದೆ ಹಿಂದೆ ಸರಿದು ಬಟ್ಟಲನ್ನು ಒಲೆಯ ಪಕ್ಕ ಇಟ್ಟು ಪಾತ್ರೆ ತೊಳೆಯಲು ಹೋಯಿತು. ಅವಳಾಗಿದ್ದರೂ ಬಹುಶಃ ಹಾಗೇ ಮಾಡುತ್ತಿದ್ದಳು. ವ್ಯತ್ಯಾಸ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಅವಳು ನನ್ನನ್ನು ಮುಟ್ಟಿದಾಗ ನಾನು ಅವಳಿಗೆ ತಿಳಿಯುತ್ತಿದ್ದೆ, ಇದು ಮುಟ್ಟಿದರೆ ನಾನು ಯಾರಿಗೂ ತಿಳಿಯುವುದಿಲ್ಲ. ಅಷ್ಟೇ. ಅಷ್ಟಕ್ಕೇ ನನಗೆ ಅವಳು ಬೇಕಾಗಿದ್ದಳು.

ಹನ್ನೊಂದನೆಯ ದಿನ ಗದಗಿನ ಕೈಮನೆಗೆ ಫೋನು ಮಾಡಿದೆ. ಅಲ್ಲಿನ ಮೇಲ್ವಿಚಾರಕ ಫಕೀರಪ್ಪ. ನನ್ನನ್ನು ಲ್ಯಾಬಿನ ಮೇಡಂ ಎಂದು ಬಲ್ಲರು, ನನ್ನ ಮನೆಯ ಸಂಖ್ಯೆ ಅವರಿಗೆ ಗೊತ್ತಿಲ್ಲ. ಅಂಕಿಅಂಶಕ್ಕೆ ಬೇಕು ಎಂದು ಸುಳ್ಳು ಹೇಳಿ ಇನ್ನೂರ ಹದಿನಾಲ್ಕರ ರಜೆಯ ಕಾರಣ ಕೇಳಿದೆ. ಹೆಸರು ಹೇಳಬಾರದೆಂಬ ನಿಯಮ ಅವರಿಗೂ ಗೊತ್ತು. ಆದರೆ ಫಕೀರಪ್ಪ ನಿಯಮಕ್ಕಿಂತ ಮಾತನ್ನು ಹೆಚ್ಚು ಪ್ರೀತಿಸುವವರು. ಹೆಸರು ಶಂಕ್ರವ್ವ ಎಂದರು, ವಯಸ್ಸು ನಲವತ್ತಾರು. ಒಬ್ಬಳೇ ಮಗಳು ಲಿಖಿತಾ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಎಂಟು ತಿಂಗಳಿಗೇ ಹೆರಿಗೆಯಾಗಿಬಿಟ್ಟಿತು. ಅದಕ್ಕೇ ಹೇಳದೆ ಕೇಳದೆ ರಜೆ. ಎಂಟು ದಿನ ಎಂದು ಹೋದವಳು, ಈಗ ನೋಡಿದರೆ ಮಗು ಬಹಳ ಸಣ್ಣದು, ಬಾಣಂತಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಮೂರು ತಿಂಗಳಾದರೂ ತಾಯಿ ಪಕ್ಕದಲ್ಲಿರಬೇಕು ಎಂದಿದ್ದಾರೆ ಡಾಕ್ಟರು. ಇಪ್ಪತ್ತೊಂದು ದಿನದ ಲೆಕ್ಕ ಶಂಕ್ರವ್ವನಿಗೂ ಗೊತ್ತಿದೆ, ಆಸನ ಹೋದರೆ ಮತ್ತೆ ಸಿಗುವುದಿಲ್ಲ ಎಂಬುದೂ ಗೊತ್ತಿದೆ.

ಇಷ್ಟು ಹೇಳಿ ಫಕೀರಪ್ಪ ಒಂದು ಮಾತು ಸೇರಿಸಿದರು.

"ಅಕಿಗೆ ಇಲ್ಲಿದೂ ಚಿಂತಿ ಐತ್ರಿ ಮೇಡಂ. ಆ ಅರವತ್ತೊಂದನೇ ಮನ್ಯಾಗ ಒಂದು ತಾಯಿ ಇಲ್ಲದ ಹುಡಿಗಿ ಐತಂತ. ಹನ್ನೆರಡೋ ಹದಿಮೂರೋ ಇರಬೇಕು ಅಂತಾಳ. ಮೊದಲ ಸಲ ತಲಿ ಮುಟ್ಟಿದಾಗ ಕೂದ್ಲಾ ಗಂಡುಹುಡುಗರಂಗ ಇದ್ದುವಂತ, ಎಂದೂ ಎಣ್ಣಿ ಕಂಡಿದ್ದಿಲ್ಲಂತ. ಈಗ ಜಡಿ ಹಾಕೂವಷ್ಟು ಬೆಳಸೇನಿ, ನಾ ಇಲ್ಲಂದ್ರ ಆ ಕೂಸಿನ ತಲಿ ಯಾರು ನೋಡ್ತಾರ ಅಂತ ದಿನಾ ಫೋನ್ ಮಾಡಿ ಕೇಳ್ತಾಳ್ರಿ."

ನನಗಿಂತ ಎರಡು ವರ್ಷ ಸಣ್ಣವಳು ಅವಳು. ಬೂದು ಮಬ್ಬಿಗೆ ವಯಸ್ಸು ಕಾಣುವುದಿಲ್ಲ, ನರೆಯೂ ಕಾಣುವುದಿಲ್ಲ. ನಾನು ಸಣ್ಣ ಆಳು, ಹೆಗಲು ಕಿರಿದು. ಕ್ರಾಪಿನ ತಲೆ ಬೆರಳಿಗೆ ಸಿಕ್ಕಿದಾಗ ಅವಳಿಗೆ ಹೊಳೆದ ಅರ್ಥ ಅದೊಂದೇ, ತಾಯಿ ಇಲ್ಲದ ಮಗು. ತಪ್ಪು ತಿಳಿದಿದ್ದಳು ಎನ್ನಲು ನನಗೆ ಬಾಯಿ ಬರಲಿಲ್ಲ. ಮೂವತ್ತಾರು ವರ್ಷ ತಡವಾಗಿ ತಿಳಿದಿದ್ದಳು, ಅಷ್ಟೇ.

ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಹೇಗಾದರೂ ಅವಳನ್ನು ಕುರ್ಚಿಗೆ ಕರೆಸಿಕೊಳ್ಳಬೇಕು, ಅವಳ ಆಸನವೂ ಉಳಿಯಬೇಕು, ಬಾಣಂತನವೂ ಆಗಬೇಕು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಉಪಾಯ ಹೊಳೆಯಿತು. ಬಹಳ ಬುದ್ಧಿವಂತ ಉಪಾಯ. ಒಂದು ಜೊತೆ ಕೈಯನ್ನು ಶಂಕ್ರವ್ವನ ಮನೆಗೇ ಕಳಿಸುವುದು. ಅವಳ ಕೈಯ ಮೂರು ವರ್ಷದ ರೂಢಿ ಆಗಲೇ ಇದೆ, ಈ ಹೊಸ ಕೆಲಸಗಳಷ್ಟೇ ಕಲಿಯಬೇಕು. ಮೂರು ದಿನ ಅವಳು ತೋಳುಚೀಲ ತೊಟ್ಟು ಮಗುವಿನ ಸ್ನಾನ, ಬಾಣಂತಿಯ ಎಣ್ಣೆನೀರು, ಪಥ್ಯದ ಅಡುಗೆ ಎಲ್ಲ ಮಾಡಲಿ, ರೂಢಿ ಕಲಿಯಲಿ. ನಾಲ್ಕನೆಯ ದಿನದಿಂದ ರೂಢಿಗೈ ಬಾಣಂತನ ನೋಡಿಕೊಳ್ಳುತ್ತದೆ, ಅವಳು ಹಗಲು ಕೈಮನೆಗೆ ಬಂದು ತನ್ನ ಆಸನದಲ್ಲಿ ಕೂರುತ್ತಾಳೆ. ಅವಳದೇ ಕೈ ಅಲ್ಲಿ, ಅವಳದೇ ಕೈ ಇಲ್ಲಿ.

ಉತ್ತಯ್ಯನವರು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. ಕೈಮನೆಯ ಕೆಲಸದವಳ ಸ್ವಂತ ಮನೆಯಲ್ಲೇ ರೂಢಿ ಗೆದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ ಎಂದರು. ಪ್ರಯೋಗದ ಹನ್ನೊಂದನೆಯ ಮನೆಯೆಂದು ನನ್ನ ಮನೆಯನ್ನು ತೆಗೆದು ಶಂಕ್ರವ್ವನ ಮನೆಯನ್ನು ಸೇರಿಸಿದರು. ಶಂಕ್ರವ್ವ ಒಪ್ಪಿದಳು ಎಂದು ಫಕೀರಪ್ಪ ಹೇಳಿದರು. ಒಪ್ಪದೆ ಅವಳಿಗೆ ಬೇರೆ ದಾರಿಯಿದೆಯೇ ಎಂದು ನಾನು ಕೇಳಿಕೊಳ್ಳಲಿಲ್ಲ. ಆ ದಿನಗಳಲ್ಲಿ ನಾನು ನನ್ನನ್ನು ದೊಡ್ಡ ಉಪಕಾರಿ ಎಂದೇ ಭಾವಿಸಿಕೊಂಡಿದ್ದೆ. ಹೊಸ ಎಣ್ಣೆಯ ಸೀಸೆ ತಂದಿಟ್ಟೆ.

ಹದಿನೇಳನೆಯ ದಿನ, ಶುಕ್ರವಾರ, ಅವಳು ಬಂದಳು.

ಬಂದದ್ದು ಅವಳೇ ಎಂದು ನನಗೆ ಕೂಡಲೇ ತಿಳಿಯಿತು ಎಂದು ಬರೆಯಲು ಆಸೆಯಾಗುತ್ತದೆ. ಸುಳ್ಳು ಯಾಕೆ, ಫಕೀರಪ್ಪ ಮೊದಲೇ ಹೇಳಿದ್ದರಿಂದ ತಿಳಿಯಿತು. ಪಾತ್ರೆ ಆಯಿತು, ರೊಟ್ಟಿ ಆಯಿತು. ನಾನು ಶಾಲೆಯ ಹುಡುಗಿಯಂತೆ ಮೊದಲೇ ಕುರ್ಚಿ ಎಳೆದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಬಟ್ಟಲು ಬಂತು. ಎಣ್ಣೆ ಎಂದಿಗಿಂತ ಕಡಿಮೆ ಬೆಚ್ಚಗಿತ್ತು, ಬರೀ ಉಗುರುಬೆಚ್ಚಗೆ. ಒಂದು ಕೈ ಎಣ್ಣೆಯಲ್ಲಿ ಅದ್ದಿತು. ಇನ್ನೊಂದು ಕೈ ನನ್ನ ಹಣೆಯ ಮೇಲೆ ಅಡ್ಡವಾಗಿ ಬಂದು ಹುಬ್ಬಿನ ಬಳಿ ನಿಂತಿತು, ಕಣ್ಣಿಗೆ ಏನೂ ಇಳಿಯದ ಹಾಗೆ. ಇದನ್ನು ಅವಳು ಹಿಂದೆ ಎಂದೂ ಮಾಡಿರಲಿಲ್ಲ.

ಆಮೇಲೆ ಬೆರಳುಗಳು ನನ್ನ ನೆತ್ತಿಯ ನಡುವೆ ಬಂದು ಏನನ್ನೋ ಹುಡುಕಿದವು. ಬಹಳ ಮೆಲ್ಲಗೆ, ಒತ್ತಿದರೆ ತಪ್ಪಾದೀತು ಎನ್ನುವ ಹಾಗೆ. ಎರಡೇ ಬೆರಳಿನ ತುದಿಯಿಂದ ಅಲ್ಲಿ ಎಣ್ಣೆ ತಟ್ಟತೊಡಗಿದವು, ಹನಿ ಹನಿಯಾಗಿ. ನನಗೆ ಮಕ್ಕಳಿಲ್ಲ, ಆದರೂ ಅದೇನೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಇನ್ನೂ ಕೂಡಿರದ ಎಳೆಯ ನೆತ್ತಿಗೆ ಎಣ್ಣೆ ಒತ್ತುವ ರೀತಿ ಅದು. ಒಂದು ಕ್ಷಣ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕೂಸು ನಾನೇ ಆಗಿದ್ದೆ. ಜಗತ್ತಿನಲ್ಲಿ ನನಗೆ ಬೇಕಾದದ್ದು ಬೇರೇನೂ ಇರಲಿಲ್ಲ.

ಕೈ ಥಟ್ಟನೆ ನಿಂತಿತು. ಬೆರಳಿಗೆ ಗಟ್ಟಿ ತಲೆಬುರುಡೆ ಸಿಕ್ಕಿ ತಾನು ಎಲ್ಲಿದ್ದೇನೆಂದು ನೆನಪಾಗಿರಬೇಕು. ನನ್ನ ತಲೆಯ ಮೇಲೆ ಹಾಗೇ ಕೂತಿತು. ನಿಂತ ಕೈಯಲ್ಲಿ ಸಣ್ಣ ನಡುಕವಿತ್ತು. ಅಷ್ಟು ದೂರದ ನಡುಕವೂ ಇಲ್ಲಿಗೆ ಬರುವಷ್ಟು ಚೆನ್ನಾಗಿ ಆ ಯಂತ್ರವನ್ನು ಮಾಡಿದ್ದೇವೆ. ಮೂರು ವರ್ಷದಲ್ಲಿ ಮೊದಲ ಬಾರಿಗೆ ನಾನು ಕೈ ಎತ್ತಿ ಆ ಕೈಯನ್ನು ಹಿಡಿದುಕೊಂಡೆ. ಅದು ಬಿಡಿಸಿಕೊಳ್ಳಲಿಲ್ಲ, ನನ್ನ ಕೈ ಹಿಡಿದುಕೊಳ್ಳಲೂ ಇಲ್ಲ. ಅವಳು ನನಗೆ ಬೇಕಾಗಿದ್ದಳು, ಬಂದಿದ್ದಳು. ಆದರೆ ಅವಳು ಇಲ್ಲಿರಲಿಲ್ಲ. ಅಲ್ಲಿರಬೇಕಾದ ಜೀವವನ್ನು ಜಾಣತನ ಮಾಡಿ ಇಲ್ಲಿಗೆ ಎಳೆದುಕೊಂಡು ಬಂದವಳು ನಾನು.

ಶನಿವಾರ ಲ್ಯಾಬಿನ ಪರದೆಯಲ್ಲಿ ಗದಗಿನ ಮನೆಯ ದಾಖಲೆ ನೋಡಿದೆ. ಮಗು ಎರಡು ಕಿಲೋ ದಾಟಿ, ಡಾಕ್ಟರು ಸ್ನಾನಕ್ಕೆ ಒಪ್ಪಿದ್ದರು. ನೀರಿನ ಬಿಸಿ ಸರಿಯಾಗಿತ್ತು. ಕತ್ತಿಗೆ ಆಸರೆ ಕೊಟ್ಟ ಬಲ, ಬೆನ್ನು ನೀವಿದ ವೇಗ, ಒರೆಸಿ ಸುತ್ತಿದ ಹೊತ್ತು, ಎಲ್ಲ ಶಂಕ್ರವ್ವನದರಿಂದ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಲಿಖಿತಾಳ ಜ್ವರವೂ ಇಳಿಯುತ್ತಿತ್ತು. ಉತ್ತಯ್ಯನವರು ಹಿಂದೆ ಬಂದು ನಿಂತು ನೋಡಿ ನನ್ನ ಹೆಗಲು ತಟ್ಟಿ ಹೋದರು. ನಾನು ಫಕೀರಪ್ಪನಿಗೆ ಫೋನು ಮಾಡಿ, ಶಂಕ್ರವ್ವ ಹೇಗಿದ್ದಾಳೆ ಎಂದು ಕೇಳಿದೆ. ಈ ಬಾರಿ ಅಂಕಿಅಂಶದ ನೆಪ ಹೇಳಲಿಲ್ಲ.

"ನಿನ್ನೆ ಸಂಜಿಗೆ ಮನಿಗೆ ಹೋಗಿ, ಕೂಸು ಎಷ್ಟು ಸಲ ಅತ್ತಿತು ಅಂತ ಮಗಳನ್ನ ಕೇಳ್ಯಾಳ್ರಿ," ಎಂದರು ಫಕೀರಪ್ಪ. "ಒಮ್ಮೆನೂ ಅಳಲಿಲ್ಲವ್ವ, ನಿನ್ನ ಕೈ ಅಂತ ತಿಳಕೊಂಡೈತಿ ಅಂತ ಅಂದಾಳ ಅಕಿ. ಅದನ್ನ ಕೇಳಿ ಶಂಕ್ರವ್ವ ತಾನ ಅಳಾಕ ಕುಂತಾಳ. ಮುಂಜಾನಿ ಬಂದು ನನ್ನ ಮುಂದ ಹೇಳಿ ಮತ್ತ ಅತ್ತಳ್ರಿ."

ನಾನು ಪರದೆ ಆರಿಸಿ ನಿಯಮಪುಸ್ತಕ ತೆರೆದೆ. ದೂರು ಕೊಟ್ಟರೆ ಅವಳನ್ನು ಕುರ್ಚಿಗೆ ಕರೆಸುತ್ತಾರೆ. ದೂರು ಕೊಡದೆ ರೂಢಿ ಓಡಿಸಿದರೆ ಆಸನ ಮುಚ್ಚುತ್ತಾರೆ. ಇವೆರಡರ ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲದಂತೆ ಬರೆದ ನನ್ನ ಬುದ್ಧಿಗೆ ನಾನೇ ಶಾಪ ಹಾಕಿದೆ. ಕೊನೆಗೆ ಮಧ್ಯಾಹ್ನದ ಊಟ ಬಿಟ್ಟು ಓದುತ್ತಿರುವಾಗ ಬೀಗದ ಅರ್ಜಿ ಕಣ್ಣಿಗೆ ಬಿತ್ತು. ಮನೆಯವರು ಊರಿಗೆ ಹೋಗುವಾಗ ಕೊಡುವ ಅರ್ಜಿ. ಮನೆಗೆ ಬೀಗ ಬಿದ್ದರೆ ಕೈಗಳು ಮಡಿಚಿಕೊಳ್ಳುತ್ತವೆ, ಮನುಷ್ಯರೂ ಇಲ್ಲ, ರೂಢಿಯೂ ಇಲ್ಲ. ಆಸನ ಮಾತ್ರ ಅವಳ ಹೆಸರಿನಲ್ಲೇ ಇರುತ್ತದೆ. ಎಷ್ಟು ದಿನ ಎಂಬ ಮಿತಿಯನ್ನು ಯಾರೂ ಹಾಕಿರಲಿಲ್ಲ, ಮೂರು ತಿಂಗಳು ಮನೆಗೆ ಬೀಗ ಹಾಕಿ ಹೋಗುವವರು ಯಾರಿದ್ದಾರೆ.

ಎರಡು ಕಾಗದ ಹಿಡಿದು ಉತ್ತಯ್ಯನವರ ಕೋಣೆಗೆ ಹೋದೆ. ಒಂದು, ಅರವತ್ತೊಂದನೆಯ ಮನೆಗೆ ಮೂರು ತಿಂಗಳ ಬೀಗ. ಇನ್ನೊಂದು, ಶಂಕ್ರವ್ವನ ಮನೆಯಿಂದ ಕೈಗಳನ್ನು ವಾಪಸು ತರಿಸುವ ಆದೇಶ. ಅವರು ಎರಡನ್ನೂ ಎರಡೆರಡು ಸಲ ಓದಿದರು. ಹನ್ನೊಂದು ಮನೆ ಇಲ್ಲದಿದ್ದರೆ ಪ್ರಯೋಗ ಬಿದ್ದುಹೋಗುತ್ತದೆ, ಮೊದಲಿಂದ ಶುರುವಾಗಬೇಕು, ನನ್ನದೇ ಹನ್ನೊಂದು ವರ್ಷದ ಕೆಲಸ ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಆಗುತ್ತದೆ ಎಂದರು. ಕೋಪಕ್ಕಿಂತ ಹೆಚ್ಚು ಸಂಕಟವೇ ಇತ್ತು ಅವರ ದನಿಯಲ್ಲಿ.

"ಅಲ್ಲಿ ರೂಢಿ ಸರಿಯಾಗಿ ಓಡ್ತಿಲ್ವಾ?"

"ತುಂಬಾ ಸರಿಯಾಗಿ ಓಡ್ತಿದೆ ಸಾರ್."

"ಮತ್ತೆ ನೀವು ಎಲ್ಲಿಗೆ ಹೋಗ್ತಿದ್ದೀರಿ ಮೂರು ತಿಂಗಳು?"

"ಎಲ್ಲಿಗೂ ಇಲ್ಲ ಸಾರ್. ಮನೇಲೇ ಇರ್ತೀನಿ. ಆದ್ರೆ ಅವಳ ಜಾಗ ಖಾಲಿ ಇರ್ಬೇಕು. ಇನ್ನೊಂದು ಕೈ ಬಂದು ತುಂಬಿದ್ರೆ ಅವಳು ರಜೆ ಹಾಕಿದ ಹಾಗಾಗಲ್ಲ, ಹೋದ ಹಾಗಾಗುತ್ತೆ."

ಅವರು ಎರಡೂ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಸಹಿ ಹಾಕಿದರು. ಹಾಕುವಾಗ, ಬೀಗ ಹಾಕಿದ ಮನೆಯಲ್ಲಿ ದೀಪ ಉರಿಯುವುದು ಯಾರ ಕಣ್ಣಿಗೂ ಬೀಳದ ಹಾಗೆ ನೋಡಿಕೊಳ್ಳಿ ಎಂದಷ್ಟೇ ಹೇಳಿದರು.

ಇನ್ನೊಂದು ತೊಡಕು ಉಳಿದಿತ್ತು. ಶಂಕ್ರವ್ವ ಆಸನ ಬಿಟ್ಟು ಏಳಲು ಒಪ್ಪುತ್ತಿಲ್ಲ ಎಂದು ಫಕೀರಪ್ಪ ತಿಳಿಸಿದರು. ಮಗಳ ಕಡೆ ಜೀವ ಎಳೆಯುತ್ತಿದೆ, ಆದರೆ ಮೂರು ತಿಂಗಳು ಆ ತಾಯಿ ಇಲ್ಲದ ಹುಡುಗಿಯನ್ನು ಬಿಟ್ಟು ಹೋಗುವುದು ಹೇಗೆ ಎಂದು ಕೂತಿದ್ದಾಳಂತೆ. ಮೊನ್ನೆ ಆ ಕೂಸು ತನ್ನ ಕೈ ಹಿಡಿದುಕೊಂಡಿತು ಎಂದಳಂತೆ. ನಾನು ಅವರಿಗೆ, ಆ ಹುಡುಗಿ ತನ್ನ ಚಿಕ್ಕಮ್ಮನ ಊರಿಗೆ ಹೋಗಿದ್ದಾಳೆ ಎಂದು ಹೇಳಿ, ಮನೆಗೆ ಬೀಗ ಹಾಕಿದ್ದಾರೆ, ಅಲ್ಲಿ ಎಣ್ಣೆ ಹಚ್ಚಿ ತಲೆ ಬಾಚಲು ಚಿಕ್ಕಮ್ಮ ಇದ್ದಾರೆ, ಏನೂ ಯೋಚನೆ ಬೇಡ ಎಂದೆ. ನನಗೆ ಚಿಕ್ಕಮ್ಮ ಎನ್ನುವವರು ಯಾರೂ ಇಲ್ಲ. ಆ ಸುಳ್ಳು ಕೇಳಿ ಶಂಕ್ರವ್ವ ಸಮಾಧಾನದಿಂದ ನಕ್ಕಳಂತೆ, ಅಂದು ಮಧ್ಯಾಹ್ನವೇ ತೋಳುಚೀಲ ಬಿಚ್ಚಿಟ್ಟು ಮನೆಗೆ ಹೋದಳಂತೆ.

ಮೂರು ತಿಂಗಳು ನಾನು ನನ್ನ ಮನೆಗೆಲಸ ನಾನೇ ಮಾಡಿಕೊಂಡೆ. ಕೈಗಳು ಹಳಿಯ ತುದಿಯಲ್ಲಿ ಮಡಿಚಿಕೊಂಡು ಮೂಲೆಗೆ ಸೇರಿದ್ದವು. ಜೋಳದ ಹಿಟ್ಟು ನಾದಲು ಹೋಗಿ ಮೊದಲ ವಾರ ಬರೀ ತುಂಡು ರೊಟ್ಟಿ ತಿಂದೆ. ಹಂಚಿನಿಂದ ಎಬ್ಬಿಸುವಾಗ ಅದು ಮೂರಾಗುತ್ತಿತ್ತು. ಪಾತ್ರೆಯ ಜಿಡ್ಡು ಬಿಡಿಸಲು ಬಿಸಿನೀರು ಬೇಕೆಂಬುದು ನಲವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ಎದುರು ಮನೆಯ ಲಲಿತಾಂಬ, ಮನೆಯೊಳಗೇ ಬೀಗ ಹಾಕಿಕೊಂಡು ಕೂತ ಹೆಂಗಸನ್ನು ಇದೇ ಮೊದಲು ನೋಡುತ್ತಿರುವುದು ಎಂದು ಕಾಂಪೌಂಡಿನಾಚೆಯಿಂದ ರೇಗಿಸಿದರು. ಲ್ಯಾಬಿನಲ್ಲಿ ಪ್ರಯೋಗ ಮೊದಲಿಂದ ಶುರುವಾಯಿತು. ನಾನು ಇಪ್ಪತ್ತೊಂದು ದಿನದ ಸಾಲನ್ನು ಹೊಡೆದುಹಾಕಿ, ರಜೆ ಹಾಕಿದವರಿಗೆ ಕಾರಣ ಕೇಳುವ ಅಂಕಣವೊಂದನ್ನು ಸೇರಿಸಲು ಸಮಿತಿಯ ಜೊತೆ ಗುದ್ದಾಡುತ್ತಿದ್ದೆ. ಇನ್ನೂ ಗುದ್ದಾಡುತ್ತಿದ್ದೇನೆ.

ಶುಕ್ರವಾರಗಳು ಮಾತ್ರ ಕಷ್ಟವಾಗಿದ್ದವು. ಆ ಸಂಜೆ ಕುರ್ಚಿಯ ಕಡೆ ಹೋಗದೆ ಅಂಗಳದಲ್ಲಿ ಸುತ್ತಾಡಿ ಬರುತ್ತಿದ್ದೆ. ಆಗ ಗದಗಿನಲ್ಲಿ ಅವಳು ಆ ಮಗುವಿನ ನೆತ್ತಿಗೆ ಎಣ್ಣೆ ಒತ್ತುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡರೆ ಸಮಾಧಾನವಾಗುತ್ತಿತ್ತು ಎಂದಲ್ಲ. ಹೊಟ್ಟೆಕಿಚ್ಚೂ ಆಗುತ್ತಿತ್ತು.

ಬೀಗ ಬಿದ್ದ ತೊಂಬತ್ತೆರಡನೆಯ ದಿನ ಬೆಳಿಗ್ಗೆ ಲ್ಯಾಬಿಗೆ ಫಕೀರಪ್ಪನ ಫೋನು ಬಂತು. ಮಗು ನಾಲ್ಕೂವರೆ ಕಿಲೋ ಆಗಿದೆ, ಹೆಣ್ಣುಮಗು, ಅಜ್ಜಿಯ ಮುಖ ಕಂಡರೆ ಕೇಕೆ ಹಾಕುತ್ತದೆ. ಲಿಖಿತಾ ಗಟ್ಟಿಯಾಗಿದ್ದಾಳೆ. ಶಂಕ್ರವ್ವ ಸೋಮವಾರದಿಂದ ಆಸನಕ್ಕೆ ಬರುತ್ತಾಳೆ. ನಾನು ಕ್ಯಾಲೆಂಡರಿನಲ್ಲಿ ಆ ಸೋಮವಾರಕ್ಕೆ ಬೆರಳಿಟ್ಟುಕೊಂಡು ಕೇಳುತ್ತಿದ್ದೆ.

"ಆದ್ರ ಒಂದು ಮಾತು ಅಂದಾಳ್ರಿ ಮೇಡಂ," ಎಂದರು ಫಕೀರಪ್ಪ. "ಆ ಅರವತ್ತೊಂದನೇ ಮನಿ ಬ್ಯಾಡಂತ. ಆ ಹುಡಿಗಿಗೆ ಚಿಗವ್ವ ಸಿಕ್ಕಾಳ, ಇನ್ನ ನಡುವ ನಾ ಯಾಕ ಕೈ ಹಾಕ್ಲಿ ಅಂತಾಳ. ಯಾರೂ ಇಲ್ಲದವರ ಮನಿ ಇದ್ರ ಅದನ್ನ ಕೊಡ್ರಿ ಅಂತ ಕೇಳ್ಯಾಳ. ಅಂಥ ಮನಿ ಯಾವುದರ ಐತೇನ್ರಿ ನಿಮ್ಮ ಕಡೆ?"

ಕ್ಯಾಲೆಂಡರಿನ ಮೇಲಿದ್ದ ಬೆರಳು ಅಲ್ಲೇ ಉಳಿಯಿತು. ಅವಳನ್ನು ಕಳಿಸಿಕೊಡಲೆಂದು ನಾನೇ ಹುಟ್ಟಿಸಿದ ಚಿಕ್ಕಮ್ಮ ನನ್ನ ಜಾಗದಲ್ಲಿ ಬಂದು ಕೂತಿದ್ದಳು. ಉತ್ತಯ್ಯನವರು ಪಕ್ಕದ ಮೇಜಿನಿಂದ ನೋಡುತ್ತಿದ್ದರು, ಕೋಣೆಯಲ್ಲಿ ಇನ್ನೂ ಆರು ಜನವಿದ್ದರು. ದನಿ ತಗ್ಗಿಸಬೇಕೆಂದು ನನಗೆ ಅನ್ನಿಸಲಿಲ್ಲ.

"ಇದೆ. ಬರ್ಕೊಳ್ಳಿ," ಎಂದೆ. "ನಲವತ್ತೆಂಟು ವರ್ಷದ ಹೆಂಗಸು. ಒಬ್ಬಳೇ ಇದಾಳೆ. ಅಕ್ಕ ತಂಗಿ, ಚಿಕ್ಕಮ್ಮ, ಯಾರೂ ಇಲ್ಲ. ತಾಯಿ ಹೋಗಿ ಮೂವತ್ತೊಂಬತ್ತು ವರ್ಷ."

ಫಕೀರಪ್ಪ ಬರೆದುಕೊಳ್ಳುತ್ತ, ಪಾಪ ಎಂದರು. ಮನೆಯ ನಂಬರು ಕೇಳಿದರು.

"ಅರವತ್ತೊಂದು."

ಆ ಕಡೆ ಪೆನ್ನು ನಿಂತದ್ದು ನನಗೆ ತಿಳಿಯಿತು.

"ಅದು ಆ ಕೂಸಿನ ಮನಿ ಅಲ್ಲೇನ್ರಿ?"

"ಅಲ್ಲಿ ಕೂಸು ಯಾವತ್ತೂ ಇರ್ಲಿಲ್ಲ ಫಕೀರಪ್ಪನವರೇ. ನಾನೇ ಇದ್ದದ್ದು."

ಅವರ ಹಿಂದೆ ಆ ದೊಡ್ಡ ಹಾಲಿನಲ್ಲಿ ಮುನ್ನೂರು ಹೆಂಗಸರು ಗಾಳಿಯಲ್ಲಿ ಕೈಯಾಡಿಸುತ್ತ ಕೂತಿರುವ ಸಣ್ಣ ಸಪ್ಪಳ ಕೇಳುತ್ತಿತ್ತು. ಕೊನೆಗೆ, ಶಂಕ್ರವ್ವನಿಗೆ ಹೀಗೇ ಹೇಳಲೇ ಎಂದು ಬಹಳ ಮೆಲ್ಲಗೆ ಕೇಳಿದರು.

"ಹೀಗೇ ಹೇಳಿ," ಎಂದೆ.